ಸರ್ಕಾರದ ವಶದಲ್ಲಿರುವ ಮಕ್ಕಳೂ ವಾದಮಿತ್ರನೂ

1988ನೆಯ ಇಸವಿ ಆಗಸ್ಟ್ 29ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಒಂದು ತೀರ್ಪು ನ್ಯಾಯಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಇತಿಹಾಸದ ವಿದ್ಯಾರ್ಥಿಗಳು ಮಾತ್ರ ಅದರ ಕಡೆಗೆ ಅಷ್ಟಾಗಿ ದೃಷ್ಟಿ ಹಾಯಿಸಿಲ್ಲ. ಸೆರೆಮನೆಗಳಲ್ಲಿ ಇಟ್ಟಿದ್ದ ಮಕ್ಕಳ ಬಿಡುಗಡೆಗಾಗಿ 1985ರಲ್ಲಿ ಅರ್ಜಿ ಹಾಕಿದ್ದ ಪತ್ರಕರ್ತೆ ಶೀಲಾ ಬರ್ಸೆಯವರು ತಮ್ಮ ಅರ್ಜಿಯನ್ನು ಹಿಂತೆಗೆದುಕೊಳ್ಳಲು ಅಪ್ಪಣೆ ಕೇಳಿದರು. ನ್ಯಾಯಾಲಯವು ಅಪ್ಪಣೆ ಕೊಡಲಿಲ್ಲ. ಅರ್ಜಿಯನ್ನು ಉಳಿಸಿಕೊಂಡು, ಅರ್ಜಿದಾರರ ಹೆಸರನ್ನು ತೆಗೆದುಹಾಕಿ, ಆ ಸ್ಥಾನದಲ್ಲಿ ಸರ್ವೋಚ್ಚ ನ್ಯಾಯಾಲಯದ ಕಾನೂನು ನೆರವು ಸಮಿತಿಯನ್ನು ನಿಲ್ಲಿಸಿತು. ಪೀಠದಲ್ಲಿದ್ದವರು ರಂಗನಾಥ ಮಿಶ್ರರು ಮತ್ತು ನಮ್ಮ ನಾಡಿನವರೇ ಆದ ಎಂ. ಎನ್. ವೆಂಕಟಾಚಲಯ್ಯನವರು.

ತಂದವರು ಹೋದ ಮೇಲೂ ವ್ಯಾಜ್ಯವು ಉಳಿಯಿತೆಂದಾದರೆ, ಆ ವ್ಯಾಜ್ಯ ಯಾರದು? ಈ ತೀರ್ಪನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, “ಆ ಮಕ್ಕಳನ್ನು ಯಾರಾದರೂ ಕೇಳಿದರೇ, ಸಾರ್?” ಎಂದಳು. ಆಗ ನಾನು ಕೊಟ್ಟ ಉತ್ತರ ನನಗೇ ತೃಪ್ತಿಕರವಾಗಿರಲಿಲ್ಲ. ಪ್ರಕೃತ ಲೇಖನವು ಆ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವ ಪ್ರಯತ್ನ.

ಮಗುವಿಗೆ ಹಕ್ಕು ಉಂಟು, ಆದರೆ ಅದನ್ನು ತಾನೇ ಕೇಳುವ ಅಧಿಕಾರವಿಲ್ಲ. ಇದು ನಮ್ಮ ನ್ಯಾಯಪದ್ಧತಿಯ ಹಳೆಯ ತೊಡಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೆಯ ಆದೇಶವು ಇದಕ್ಕೆ ಒಂದು ದಾರಿಯನ್ನು ಮಾಡಿದೆ. ಮೈನರನ ದಾವೆಯನ್ನು ಪ್ರಾಪ್ತವಯಸ್ಕನಾದ ಒಬ್ಬ ಹಿತೈಷಿಯು ಆತನ ಹೆಸರಿನಲ್ಲಿ ಹೂಡಬೇಕು. ಕೋರ್ಟುಗಳಲ್ಲಿ ‘ನೆಕ್ಸ್ಟ್ ಫ್ರೆಂಡ್’ ಎಂದು ಕರೆಯಲಾಗುವ ಈ ವ್ಯಕ್ತಿಯನ್ನು ಇಲ್ಲಿ ವಾದಮಿತ್ರನೆಂದು ಕರೆಯೋಣ. ಈ ಆದೇಶದ ನಿಯಮಗಳನ್ನು ಬಿಡಿಬಿಡಿಯಾಗಿ ಓದಿದರೆ ಶುಷ್ಕವಾಗಿ ತೋರುತ್ತವೆ. ಒಟ್ಟಿಗೆ ಓದಿದರೆ ಅವುಗಳ ಹಿಂದೆ ಮನುಷ್ಯಸ್ವಭಾವದ ಬಗೆಗಿನ ಒಂದು ಎಚ್ಚರ ಕಾಣುತ್ತದೆ. ಮಗುವಿನ ಹಿತಕ್ಕೆ ವಿರುದ್ಧವಾದ ಹಿತವುಳ್ಳವನು ವಾದಮಿತ್ರನಾಗಕೂಡದು. ನ್ಯಾಯಾಲಯದ ಅನುಮತಿಯಿಲ್ಲದೆ ಅವನು ರಾಜಿ ಮಾಡಿಕೊಳ್ಳಕೂಡದು. ನ್ಯಾಯಾಲಯವು ಬೇರೆ ರೀತಿ ಹೇಳಿದ ಹೊರತು, ತನ್ನ ಸ್ಥಾನಕ್ಕೆ ಯೋಗ್ಯನಾದ ಮತ್ತೊಬ್ಬನನ್ನು ತಂದುಕೊಡದೆ, ಅದುವರೆಗಿನ ಖರ್ಚಿಗೆ ಭದ್ರತೆ ಕೊಡದೆ, ಅವನು ನಿವೃತ್ತನಾಗಕೂಡದು. ಕೊನೆಯದಾಗಿ, ಮೈನರನು ಪ್ರಾಪ್ತವಯಸ್ಕನಾದ ಕೂಡಲೇ ದಾವೆಯನ್ನು ಮುಂದುವರಿಸುವುದೋ ಬಿಡುವುದೋ ಎಂಬುದನ್ನು ಅವನೇ ನಿರ್ಧರಿಸಬೇಕು. ಈ ಕೊನೆಯ ಎರಡು ನಿಯಮಗಳನ್ನು ಓದುಗರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಈ ಎಚ್ಚರವು ಯಾವ ಮಗುವನ್ನು ಕುರಿತು ಹುಟ್ಟಿತು? ಚರಿತ್ರೆಯನ್ನು ಶೋಧಿಸಿದರೆ, ಅದು ಆಸ್ತಿಯುಳ್ಳ ಮಗುವನ್ನು ಕುರಿತು ಹುಟ್ಟಿತೆಂಬುದು ಸ್ಪಷ್ಟವಾಗುತ್ತದೆ. ನಮ್ಮ ಪ್ರಾಚೀನ ಗ್ರಂಥಗಳಲ್ಲಿಯೂ ಹೀಗೆಯೇ. ಮೈನರನಿಗೆ ಬಂದ ಪಿತ್ರಾರ್ಜಿತವನ್ನು ಅವನು ಗುರುಕುಲದಿಂದ ಹಿಂದಿರುಗುವವರೆಗೆ ಅಥವಾ ಬಾಲ್ಯ ಕಳೆಯುವವರೆಗೆ ರಾಜನು ರಕ್ಷಿಸಬೇಕೆಂದು ಮನುಸ್ಮೃತಿಯು ಹೇಳುತ್ತದೆ. ಕೌಟಿಲ್ಯನು ಈ ‘ಬಾಲದ್ರವ್ಯ’ವನ್ನು ವೃದ್ಧಿಗೊಳಿಸುವ ಹೊಣೆಯನ್ನು ಗ್ರಾಮವೃದ್ಧರ ಮೇಲೆ ಹೊರಿಸುತ್ತಾನೆ. ಅನಾಥರನ್ನು ರಾಜನು ಪೋಷಿಸಬೇಕೆಂದು ಅವನು ಹೇಳುತ್ತಾನೆಂಬುದು ನಿಜ. ಆದರೆ ಅದು ರಾಜಧರ್ಮ. ರಾಜನು ಪೋಷಿಸದಿದ್ದರೆ ಅನಾಥನು ಯಾರಲ್ಲಿ ದೂರಬೇಕೆಂಬ ವಿಚಾರ ಅಲ್ಲಿ ಏಳುವುದಿಲ್ಲ.

ಇಂಗ್ಲೆಂಡಿನಲ್ಲಿ ದೊರೆಯೇ ನಾಡಿನ ತಂದೆಯೆಂಬ ಭಾವನೆಯನ್ನು ‘ಪೇರೆನ್ಸ್ ಪ್ಯಾಟ್ರಿಯೇ’ ಎಂಬ ಲ್ಯಾಟಿನ್ ಮಾತಿನಲ್ಲಿ ಅಡಗಿಸಿದರು. ಆ ತಂದೆತನ ಬಹುಕಾಲ ಲಾಭದ ಬಾಬತ್ತಾಗಿತ್ತು. 8ನೆಯ ಹೆನ್ರಿಯ ಆಳ್ವಿಕೆಯಲ್ಲಿ 1540ರಲ್ಲಿ ಸ್ಥಾಪಿತವಾದ ವಾರ್ಡುಗಳ ನ್ಯಾಯಾಲಯವು ತಂದೆ ಸತ್ತ ಜಮೀನ್ದಾರಿ ಮಕ್ಕಳ ಪಾಲಕತ್ವವನ್ನು ಹಣಕ್ಕೆ ಮಾರುತ್ತಿತ್ತು; ಅದು ಶಾಸನಬದ್ಧವಾಗಿ ರದ್ದಾದದ್ದು 1660ರಲ್ಲಿ. ಅಲ್ಲಿಂದ ಮುಂದೆ ಚಾನ್ಸರಿ ನ್ಯಾಯಾಲಯವು ಈ ಕೆಲಸವನ್ನು ಎಷ್ಟೋ ಉದಾತ್ತವಾಗಿ ನಡೆಸಿತು. ಆದರೂ 1827ರ ವೆಲ್ಲೆಸ್ಲಿ ಮೊಕದ್ದಮೆಯಲ್ಲಿ ಲಾರ್ಡ್ ಎಲ್ಡನ್ ಆಡಿದ ಮಾತಿನ ಸಾರಾಂಶವನ್ನು ಇಲ್ಲಿ ಹೇಳಲೇಬೇಕು: ಆಸ್ತಿಯಿಲ್ಲದ ಮಗುವಿನ ವಿಷಯದಲ್ಲಿ ನ್ಯಾಯಾಲಯವು ಕೈಹಾಕದಿರುವುದು ಅಧಿಕಾರವಿಲ್ಲದೆ ಅಲ್ಲ, ಸಾಧನವಿಲ್ಲದೆ, ರಾಜ್ಯದಲ್ಲಿರುವ ಮಕ್ಕಳನ್ನೆಲ್ಲ ಸಾಕುವ ಹೊರೆಯನ್ನು ನ್ಯಾಯಾಲಯವು ಹೊರಲಾರದು. ಇಷ್ಟು ಪ್ರಾಮಾಣಿಕವಾಗಿ ಈ ವಿಷಯವನ್ನು ಹೇಳಿದ ನ್ಯಾಯಾಧೀಶರು ಅಪರೂಪ. ಈಸ್ಟ್ ಇಂಡಿಯಾ ಕಂಪನಿಯವರು 1793ರಲ್ಲಿ ಬಂಗಾಳದಲ್ಲಿಯೂ 1804ರಲ್ಲಿ ಮದರಾಸಿನಲ್ಲಿಯೂ ಏರ್ಪಡಿಸಿದ ಕೋರ್ಟ್ ಆಫ್ ವಾರ್ಡ್ಸ್ ಕೂಡ ಕಂದಾಯ ಕೊಡುವ ಜಮೀನ್ದಾರನ ಮಗನಿಗಾಗಿ ಹುಟ್ಟಿದುದೇ ಹೊರತು ಅವನ ಜೀತದಾಳಿನ ಮಗನಿಗಾಗಿ ಅಲ್ಲ.

ಆಸ್ತಿಯಿಲ್ಲದ ಮಗುವನ್ನು ಸರ್ಕಾರವು ಬೇರೊಂದು ಬಾಗಿಲಿನಿಂದ ಒಳಕ್ಕೆ ತೆಗೆದುಕೊಂಡಿತು. 1850ರ ಅಪ್ರೆಂಟಿಸ್ ಕಾಯಿದೆ, 1876ರ ಮತ್ತು 1897ರ ರಿಫಾರ್ಮೇಟರಿ ಶಾಲೆಗಳ ಕಾಯಿದೆಗಳು, 1919–20ರ ಸೆರೆಮನೆಗಳ ಸಮಿತಿಯ ವರದಿ, ಅದರ ಬೆನ್ನಿಗೇ ಮದರಾಸು (1920), ಬಂಗಾಳ (1922), ಮುಂಬಯಿ (1924) ಪ್ರಾಂತಗಳ ಮಕ್ಕಳ ಕಾಯಿದೆಗಳು: ಇದು ಆ ಬಾಗಿಲಿನ ಚರಿತ್ರೆ. ಏಕೀಕರಣಕ್ಕೆ ಮುಂಚೆ ಕನ್ನಡ ಜಿಲ್ಲೆಗಳು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಮಂಗಳೂರಿನ ಅನಾಥನಿಗೆ ಒಂದು ಕಾನೂನು, ಧಾರವಾಡದವನಿಗೆ ಮತ್ತೊಂದು ಎಂಬ ಸ್ಥಿತಿಯಿತ್ತು. ಮೈಸೂರು ರಾಜ್ಯಕ್ಕೆ ತನ್ನದೇ ಆದ ಮಕ್ಕಳ ಕಾಯಿದೆ ಬಂದುದು 1964ರಲ್ಲಿ. ಮುಂದೆ ಅದು ಕರ್ನಾಟಕದ ಹೆಸರನ್ನು ಪಡೆಯಿತು. ಈ ಶಾಸನಗಳಲ್ಲಿ ದಯೆಯಿದೆ, ಶಿಸ್ತಿದೆ. ಮಗುವನ್ನು ಹಿಡಿದು ತರುವ, ಇಡುವ, ಬಿಡುವ ಅಧಿಕಾರಗಳೆಲ್ಲ ವಿವರವಾಗಿವೆ. ಇಟ್ಟುಕೊಂಡವರೇ ಕೆಡುಕು ಮಾಡಿದರೆ ಏನೆಂಬ ಪ್ರಶ್ನೆಗೆ ಬಂದಾಗ ಮಾತ್ರ ಅವು ಬಹುಮಟ್ಟಿಗೆ ಮೌನ ವಹಿಸುತ್ತವೆ. ಜಮೀನ್ದಾರನ ಮಗನಿಗೆ ವಾದಮಿತ್ರನಿದ್ದನು. ಸರ್ಕಾರದ ವಶದಲ್ಲಿದ್ದ ಬಡ ಮಗುವಿಗೆ ಪಾಲಕನೂ ಸರ್ಕಾರವೇ, ಪ್ರತಿವಾದಿಯಾಗಬೇಕಾದುದೂ ಸರ್ಕಾರವೇ. ವಿರುದ್ಧ ಹಿತವುಳ್ಳವನು ವಾದಮಿತ್ರನಾಗಕೂಡದೆಂಬ ನಿಯಮವು ಇಂಥ ಮಗುವಿನ ಪಾಲಿಗೆ ಅರ್ಥಹೀನವಾಗಿತ್ತು.

ಈ ಬಿರುಕು ತುಂಬತೊಡಗಿದುದು 1979ರ ಸುಮಾರಿನಲ್ಲಿ. ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಬಗ್ಗೆ ಪತ್ರಿಕೆಯಲ್ಲಿ ಬಂದ ಲೇಖನಗಳನ್ನು ಆಧಾರವಾಗಿಟ್ಟುಕೊಂಡು ವಕೀಲೆ ಕಪಿಲಾ ಹಿಂಗೋರಾಣಿಯವರು ಹುಸೇನಾರಾ ಖಾತೂನ್ ಮೊಕದ್ದಮೆಯನ್ನು ತಂದರು. ಆ ಬಂದಿಗಳಲ್ಲಿ ಮಕ್ಕಳೂ ಇದ್ದರು. 1981ರ ಡಿಸೆಂಬರಿನಲ್ಲಿ ಎಸ್. ಪಿ. ಗುಪ್ತಾ ಮೊಕದ್ದಮೆಯ ತೀರ್ಪು, ದಾರಿದ್ರ್ಯದಿಂದಲೋ ಅಸಹಾಯತೆಯಿಂದಲೋ ನ್ಯಾಯಾಲಯಕ್ಕೆ ಬರಲಾಗದವರ ಪರವಾಗಿ ಸದುದ್ದೇಶವುಳ್ಳ ಯಾರಾದರೂ ಬರಬಹುದೆಂದು ವಿಧಿಸಿತು. ಕಾನ್ಪುರದ ಕೇಂದ್ರ ಕಾರಾಗೃಹದಲ್ಲಿ ಬಾಲಕರನ್ನು ದೊಡ್ಡವರ ಜೊತೆಗೆ ಇಟ್ಟು, ಅವರ ಮೇಲೆ ಹೇಳಬಾರದ ದೌರ್ಜನ್ಯ ನಡೆಯಿತೆಂಬ ಪತ್ರಿಕಾ ವರದಿಗಳಿಂದ ಹುಟ್ಟಿದ ಮುನ್ನಾ ಮೊಕದ್ದಮೆಯು 1982ರಲ್ಲಿ ತೀರ್ಮಾನವಾಯಿತು. ಉತ್ತರ ಪ್ರದೇಶದಲ್ಲಿ 1951ರಿಂದಲೂ ಮಕ್ಕಳ ಕಾಯಿದೆ ಇತ್ತು; ಆದರೂ ಬಾಲಕರು ಸೆರೆಮನೆಯಲ್ಲಿದ್ದರು. 1984ರ ಫೆಬ್ರವರಿಯಲ್ಲಿ, ವಕೀಲ ಲಕ್ಷ್ಮೀಕಾಂತ ಪಾಂಡೆಯವರ ಪತ್ರವನ್ನೇ ಅರ್ಜಿಯೆಂದು ಭಾವಿಸಿ, ಅನಾಥಾಲಯಗಳ ಮಕ್ಕಳನ್ನು ಪರದೇಶದವರಿಗೆ ದತ್ತು ಕೊಡುವುದಕ್ಕೆ ನಿಬಂಧನೆಗಳನ್ನು ಏರ್ಪಡಿಸಲಾಯಿತು.

ಇವರೆಲ್ಲರಲ್ಲಿ ಶೀಲಾ ಬರ್ಸೆಯವರ ರೀತಿ ಬೇರೆ. ಅವರು ಮುಂಬಯಿಯ ಸೆರೆಮನೆಯೊಳಕ್ಕೆ ಹೋಗಿ 15 ಮಂದಿ ಸ್ತ್ರೀ ಬಂದಿಗಳನ್ನು ಮಾತನಾಡಿಸಿದವರು. ಅವರಲ್ಲಿ ಐವರು ಪೋಲೀಸ್ ಲಾಕಪ್ಪಿನಲ್ಲಿ ತಮಗೆ ಹೊಡೆತ ಬಿತ್ತೆಂದು ಹೇಳಿದ್ದರು. ಆ ಕುರಿತು ಬರ್ಸೆಯವರು ಬರೆದ ಪತ್ರದ ಮೇಲೆ 1983ರ ಫೆಬ್ರವರಿ 15ರಂದು ತೀರ್ಪಾಯಿತು. 1985ರಲ್ಲಿ ಅವರು ಮಕ್ಕಳ ಕಡೆಗೆ ತಿರುಗಿದರು. ಬೇರೆ ಬೇರೆ ರಾಜ್ಯಗಳ ಸೆರೆಮನೆಗಳಲ್ಲಿರುವ 16 ವರ್ಷಕ್ಕೆ ಕೆಳಗಿನ ಮಕ್ಕಳನ್ನು ಬಿಡಬೇಕು. ಎಲ್ಲೆಲ್ಲಿ ಎಷ್ಟು ಮಕ್ಕಳಿದ್ದಾರೆ, ಬಾಲನ್ಯಾಯಾಲಯಗಳೂ ಬಾಲಗೃಹಗಳೂ ಎಷ್ಟಿವೆ ಎಂಬ ಪೂರ್ಣ ಮಾಹಿತಿಯನ್ನು ತರಿಸಬೇಕು. ಜಿಲ್ಲಾ ನ್ಯಾಯಾಧೀಶರು ಸೆರೆಮನೆಗಳನ್ನು ಕಣ್ಣಾರೆ ನೋಡಬೇಕು. ಇವು ಅರ್ಜಿಯ ಬೇಡಿಕೆಗಳು. ಪರಿಹಾರದ ಹಣವನ್ನು ಅದು ಕೇಳಲಿಲ್ಲ. ಮೊದಲು ಎಣಿಸಿರಿ ಎಂದು ಕೇಳಿತು. ಎಣಿಕೆಯನ್ನು ಕೇಳುವುದು ಅಲ್ಪವಾದ ಬೇಡಿಕೆಯೆಂದು ತೋರಬಹುದು. ಆದರೆ ಎಷ್ಟು ಮಕ್ಕಳನ್ನು ಎಲ್ಲಿ ಇಟ್ಟಿದ್ದೇವೆಂದು ಇಟ್ಟವರಿಗೇ ತಿಳಿಯದಿರುವಾಗ ಅದೇ ಮೂಲಭೂತವಾದ ಬೇಡಿಕೆ.

ಪಿ. ಎನ್. ಭಗವತಿಯವರು ಮುಖ್ಯ ನ್ಯಾಯಮೂರ್ತಿಗಳಾಗಿದ್ದ 1986ನೆಯ ವರ್ಷದಲ್ಲಿ ಈ ಅರ್ಜಿಯ ಮೇಲೆ ಒಂದಾದ ಮೇಲೊಂದು ಆಜ್ಞೆಗಳು ಹೊರಟವು. ಮಕ್ಕಳನ್ನು ಸೆರೆಮನೆಯಲ್ಲಿಡಕೂಡದು. ರಾಜ್ಯದ ಕಾನೂನು ನೆರವು ಮಂಡಲಿಯು ವಕೀಲರನ್ನು ಸೆರೆಮನೆಗಳಿಗೆ ಕಳಿಸಿ ಅಲ್ಲಿರುವ ಮಕ್ಕಳಿಗೆ ನೆರವು ಕೊಡಿಸಬೇಕು. ಆಗಸ್ಟ್ 13ರ ಆಜ್ಞೆಯಲ್ಲಿ ಇನ್ನೂ ಖಚಿತವಾದ ಒಂದು ವಿಧಿಯಿತ್ತು: 7 ವರ್ಷಕ್ಕೆ ಮೀರದ ಸಜೆಯ ಅಪರಾಧವನ್ನು ಮಗುವಿನ ಮೇಲೆ ಹೊರಿಸಿದಾಗ 3 ತಿಂಗಳೊಳಗೆ ತನಿಖೆ ಮುಗಿಯದಿದ್ದರೆ ಮೊಕದ್ದಮೆಯೇ ಮುಗಿದಂತೆ, ಆರೋಪಪಟ್ಟಿ ಬಂದರೆ ಮುಂದಿನ 6 ತಿಂಗಳೊಳಗೆ ವಿಚಾರಣೆ ಮುಗಿಯಬೇಕು. ರಾಜ್ಯಕ್ಕೊಂದು ಕಾಯಿದೆಯಿರುವ ಬದಲು ಇಡೀ ದೇಶಕ್ಕೆ ಒಂದೇ ಶಾಸನ ಬೇಕೆಂದೂ ನ್ಯಾಯಾಲಯವು ಸೂಚಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಲನ್ಯಾಯ ಕಾಯಿದೆಯು ಬಂದಿತು. 1987ರ ಅಕ್ಟೋಬರ್ 2ರಿಂದ ಜಾರಿಯಾಯಿತು. ಕಾಯಿದೆಗೆ ಈ ಒಂದು ವ್ಯಾಜ್ಯವೇ ಕಾರಣವೆನ್ನುವುದು ಅತಿಶಯೋಕ್ತಿ. ಆದರೂ ಇವೆರಡರ ಸಾಮೀಪ್ಯವನ್ನು ಕೇವಲ ಕಾಕತಾಳೀಯವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಷ್ಟು ಯಶಸ್ಸು ಪಡೆದ ಅರ್ಜಿದಾರರು ಎರಡೇ ವರ್ಷಗಳಲ್ಲಿ ಹಿಂತೆಗೆಯುವ ಮಾತನ್ನೇಕೆ ಆಡಿದರು? ಆಜ್ಞೆ ಹೊರಡುವುದು ಬೇರೆ, ನಡೆಯುವುದು ಬೇರೆ. ರಾಜ್ಯ ಸರ್ಕಾರಗಳು ಪ್ರಮಾಣಪತ್ರ ಸಲ್ಲಿಸಲು ವಾಯಿದೆ ಬೇಡುತ್ತಿದ್ದವು, ವಾಯಿದೆ ಸಿಗುತ್ತಿತ್ತು. ಮಕ್ಕಳ ಹಕ್ಕಿನ ವಿಷಯದಲ್ಲಿ ನ್ಯಾಯಾಲಯದ ಯಂತ್ರವೇ ನಿಂತುಹೋಗಿದೆಯೆಂಬುದು ಬರ್ಸೆಯವರ ದೂರು. ನ್ಯಾಯಾಲಯಕ್ಕೆ ಈ ಮಾತು ರುಚಿಸಲಿಲ್ಲ. ಅದರ ಉತ್ತರದ ತಿರುಳು ಇದು: ಸಾಮಾನ್ಯ ದಾವೆಯಲ್ಲಿ ವಾದಿಯು ವ್ಯಾಜ್ಯದ ಯಜಮಾನ, ಬೇಕಾದರೆ ನಡೆಸುತ್ತಾನೆ, ಬೇಡವಾದರೆ ಬಿಡುತ್ತಾನೆ. ಸಾರ್ವಜನಿಕ ಹಿತದ ವ್ಯಾಜ್ಯಕ್ಕೆ ಅಂಥ ಯಜಮಾನನಿಲ್ಲ. ಪರರ ಪರವಾಗಿ ಬಂದವರ ಹಕ್ಕು, ಯಾರಿಗಾಗಿ ಬಂದರೋ ಅವರ ಹಿತಕ್ಕೆ ಅಧೀನ. ಆದ್ದರಿಂದ ಅರ್ಜಿದಾರರು ಬೇಕಾದರೆ ಹೋಗಬಹುದು, ಅರ್ಜಿ ಹೋಗುವಂತಿಲ್ಲ.

ಈ ತೀರ್ಪನ್ನು ಸಾಮಾನ್ಯವಾಗಿ ಸಾರ್ವಜನಿಕ ಹಿತದ ವ್ಯಾಜ್ಯವೆಂಬ ಹೊಸ ಮಾರ್ಗದ ಒಂದು ಹೊಸ ಮೈಲಿಗಲ್ಲೆಂದು ವರ್ಣಿಸುತ್ತಾರೆ. ನನಗೆ ಅದರಲ್ಲಿ ಹಳೆಯದೇ ಹೆಚ್ಚು ಕಾಣುತ್ತದೆ. ಮತ್ತೊಬ್ಬನನ್ನು ತಂದುಕೊಡದೆ ವಾದಮಿತ್ರನು ಹೋಗಕೂಡದೆಂಬ 32ನೆಯ ಆದೇಶದ ನಿಯಮವನ್ನು ಓದುಗರು ನೆನೆಯಲಿ. 1976ರ ತಿದ್ದುಪಡಿಯು ಇದಕ್ಕೆ ಪೂರಕವಾಗಿ, ಮೈನರನ ದಾವೆಯನ್ನು ನ್ಯಾಯಾಲಯದ ಅಪ್ಪಣೆಯಿಲ್ಲದೆ ಕೈಬಿಡಲಾಗದೆಂದು 23ನೆಯ ಆದೇಶದಲ್ಲಿ ಸೇರಿಸಿತ್ತು. ತೀರ್ಪು ನಿಂತಿರುವುದು ಈ ನಿಯಮಗಳ ಮೇಲಲ್ಲ, ಹೋಲಿಕೆ ನನ್ನದು. ಆದರೆ ಜಮೀನ್ದಾರನ ಮಗನಿಗೆ 1908ರಿಂದಲೇ ಇದ್ದ ರಕ್ಷಣೆಯು ಸೆರೆಮನೆಯ ಮಗುವಿಗೆ 1988ರಲ್ಲಿ, ಬೇರೆ ಹೆಸರಿನಲ್ಲಿ, ದೊರಕಿತೆಂದು ಹೇಳಿದರೆ ತಪ್ಪಾಗಲಾರದು. ಈ ದೃಷ್ಟಿಯಿಂದ ತೀರ್ಪಿನ ತತ್ತ್ವವನ್ನು ನಾನು ಸರಿಯೆಂದೇ ಭಾವಿಸುತ್ತೇನೆ.

ತತ್ತ್ವ ಸರಿಯಾದರೂ ಅದರ ಪ್ರಯೋಗದಲ್ಲಿ ಎರಡು ಕೊರತೆಗಳು ಉಳಿದವು. ಸಂಹಿತೆಯು ಹೊಸ ವಾದಮಿತ್ರನು ‘ಯೋಗ್ಯ’ನಾಗಿರಬೇಕೆನ್ನುತ್ತದೆ. ಕಾನೂನು ನೆರವು ಸಮಿತಿಯು ಗೌರವಾನ್ವಿತ ಸಂಸ್ಥೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸೆರೆಮನೆಯ ಬಾಗಿಲಿಗೆ ತಾನಾಗಿ ನಡೆದುಹೋಗಿ, ಒಳಗಿರುವವರನ್ನು ಮಾತನಾಡಿಸಿ, ಕೇಳಿದ್ದನ್ನು ಬರೆದುಕೊಂಡು ಬಂದ ವ್ಯಕ್ತಿಯ ಸ್ಥಾನವನ್ನು ಸಮಿತಿಯು ತುಂಬಬಲ್ಲುದೇ? ವಾಯಿದೆಯ ಮೇಲೆ ವಾಯಿದೆ ಬಿದ್ದಾಗ ಸಿಟ್ಟಾಗುವ ಶಕ್ತಿ ಸಮಿತಿಗೆ ಇರುವುದಿಲ್ಲ. ಬರ್ಸೆಯವರ ಮಾತು ಕಟುವಾಗಿತ್ತೆಂದು ಒಪ್ಪಿದರೂ, ಆ ಕಟುತ್ವದಲ್ಲಿ ಮಕ್ಕಳಿಗೆ ಉಪಯೋಗವಾಗುವಂಥದೇನೋ ಇತ್ತು. ಹೆಸರಿನೊಂದಿಗೆ ಅದೂ ಹೋಯಿತು.

ಎರಡನೆಯ ಕೊರತೆ ಇನ್ನೂ ಗಹನವಾದುದು. ಪ್ರಾಪ್ತವಯಸ್ಕನಾದವನೇ ದಾವೆಯ ಗತಿಯನ್ನು ನಿರ್ಧರಿಸಬೇಕೆಂಬ ನಿಯಮಕ್ಕೆ ಇಲ್ಲಿ ಸಮಾನವಾದುದೇನೂ ಇರಲಿಲ್ಲ. 1985ರಲ್ಲಿ 15 ವರ್ಷದವನಾಗಿದ್ದ ಬಾಲಕನು ತೀರ್ಪಿನ ವೇಳೆಗೆ 18 ತುಂಬಿದವನು. ಯಾರ ಹಿತಕ್ಕೆ ಅರ್ಜಿದಾರರ ಹಕ್ಕು ಅಧೀನವೆಂದು ಹೇಳಲಾಯಿತೋ ಅವನು ಯಾರು, ಎಲ್ಲಿದ್ದಾನೆ, ಅವನಿಗೆ ಬೇಕಾದುದೇನು ಎಂದು ಕೇಳುವ ಮಾರ್ಗ ಆ ವ್ಯಾಜ್ಯದ ರಚನೆಯಲ್ಲಿಯೇ ಇರಲಿಲ್ಲ. ವಿದ್ಯಾರ್ಥಿನಿಯ ಪ್ರಶ್ನೆಗೆ ನಾನು ಆ ದಿನ ಹೇಳದೆ ಬಿಟ್ಟ ಭಾಗ ಇದು.

ಬೆಳೆದ ಮಗು ತಾನೇ ಬಂದು ಕೇಳಿದರೆ ಏನಾಗುತ್ತದೆಂಬುದಕ್ಕೆ ಆಸ್ಟ್ರೇಲಿಯದಲ್ಲಿ ಒಂದು ನಿದರ್ಶನವಿದೆ. ದಕ್ಷಿಣ ಆಸ್ಟ್ರೇಲಿಯದ ಆದಿವಾಸಿ ಕುಟುಂಬವೊಂದರ 13 ತಿಂಗಳ ಶಿಶು ಬ್ರೂಸ್ ಟ್ರೆವೊರೋ 1957ರ ಕ್ರಿಸ್‌ಮಸ್ ದಿನ ಹೊಟ್ಟೆಯ ಬೇನೆಯಿಂದ ಅಡಿಲೇಡಿನ ಮಕ್ಕಳ ಆಸ್ಪತ್ರೆಗೆ ಸೇರಿತು. ಕೆಲವೇ ದಿನಗಳಲ್ಲಿ, ತಾಯಿತಂದೆಯರಿಗೆ ತಿಳಿಸದೆ, ಆದಿವಾಸಿಗಳ ಹಿತರಕ್ಷಣೆಗೆಂದೇ ಇದ್ದ ಸರ್ಕಾರಿ ಮಂಡಲಿಯು ಅದನ್ನು ಬೇರೊಂದು ಕುಟುಂಬದ ಕೈಗೆ ಒಪ್ಪಿಸಿತು. 1958ರಲ್ಲಿ ತಾಯಿ ಪತ್ರ ಬರೆದು ಮಗು ಯಾವಾಗ ಮನೆಗೆ ಬರುವುದೆಂದು ವಿಚಾರಿಸಿದಳು. ಮಗು ಗುಣಮುಖವಾಗುತ್ತಿದೆ, ಆದರೆ ವೈದ್ಯರು ಇನ್ನೂ ಇಟ್ಟುಕೊಳ್ಳಬೇಕೆನ್ನುತ್ತಾರೆ ಎಂಬ ಅರ್ಥದ ಉತ್ತರ ಹೋಯಿತು. ಅಷ್ಟರಲ್ಲಿ ಮಗು ಆಸ್ಪತ್ರೆಯಿಂದ ಹೊರಗೆ ಹೋಗಿ ತಿಂಗಳುಗಳಾಗಿದ್ದವು. ನಡುವಯಸ್ಸಿನಲ್ಲಿ ಆತನು ರಾಜ್ಯದ ಮೇಲೆ ದಾವೆ ಹೂಡಿದನು. 2007ರ ಆಗಸ್ಟ್ 1ರಂದು ನ್ಯಾಯಮೂರ್ತಿ ಗ್ರೇ ಅವರು ಆತನ ಪರವಾಗಿ ತೀರ್ಪು ಕೊಟ್ಟು 5,25,000 ಡಾಲರುಗಳ ಪರಿಹಾರವನ್ನು ವಿಧಿಸಿದರು. ಮರುವರ್ಷವೇ ಆತನು ತೀರಿಕೊಂಡನು. ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಗಮನಿಸಬೇಕಾದುದು ಪರಿಹಾರದ ಮೊತ್ತವನ್ನಲ್ಲ. ಹಾಲು ಕುಡಿಯುವ ವಯಸ್ಸಿನಲ್ಲಿ ನಡೆದುದಕ್ಕೆ ಆ ಮನುಷ್ಯನೇ ಸಾಕ್ಷಿಯಾಗಲಾರನು. ತಾಯಿಯ ಪತ್ರವೂ ಸರ್ಕಾರದ ಉತ್ತರವೂ ಅರ್ಧ ಶತಮಾನ ಕಡತದಲ್ಲಿ ಉಳಿದಿದ್ದುದರಿಂದ ಸತ್ಯವು ಹೊರಬಂದಿತು.

ನಮ್ಮಲ್ಲಿ ಅನಂತರದ ವ್ಯಾಜ್ಯಗಳು ಬೇರೊಂದು ದಿಕ್ಕಿಗೆ ಸಾಗಿದವು. ಬಾಲನ್ಯಾಯ ಕಾಯಿದೆಯು ನಡೆಯುತ್ತಿಲ್ಲವೆಂದು ಸಂಪೂರ್ಣಾ ಬೆಹುರಾ ಅವರು 2005ರಲ್ಲಿ ತಂದ ಅರ್ಜಿಯು 2018ರ ಫೆಬ್ರವರಿ 9ರಂದು ತೀರ್ಮಾನವಾಯಿತು. 13 ವರ್ಷಗಳೆಂದರೆ ಶಿಶುವೊಂದು ಪ್ರೌಢಶಾಲೆಯ ಹೊಸ್ತಿಲಿಗೆ ಬರುವಷ್ಟು ಕಾಲ. ಆ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಾಯಿದೆಯ ಅನುಷ್ಠಾನಕ್ಕಾಗಿ ಎಲ್ಲ ಉಚ್ಚ ನ್ಯಾಯಾಲಯಗಳೂ ತಾವಾಗಿಯೇ ಮೊಕದ್ದಮೆ ದಾಖಲಿಸಿಕೊಳ್ಳಬೇಕೆಂದು ಕೇಳಿಕೊಂಡಿತು. ತಮಿಳುನಾಡಿನ ಅನಾಥಾಲಯಗಳ ಬಗ್ಗೆ 2007ರಲ್ಲಿ ಬಂದ ಪತ್ರಿಕಾ ವರದಿಯೊಂದರಿಂದ ಹುಟ್ಟಿದ ಮೊಕದ್ದಮೆಯಲ್ಲಿ 2017ರ ಮೇ 5ರಂದು ವಿಸ್ತಾರವಾದ ತೀರ್ಪು ಬಂದಿತು. ಅದರ ಶೀರ್ಷಿಕೆಯಲ್ಲಿ ಅರ್ಜಿದಾರನೆಂಬ ಮನುಷ್ಯನೇ ಇಲ್ಲ. 2020ರ ಏಪ್ರಿಲ್ 3ರಂದು, ಕೋವಿಡ್ ವ್ಯಾಧಿಯ ಕಾಲದಲ್ಲಿ, ಬಾಲಗೃಹಗಳ ಮಕ್ಕಳ ರಕ್ಷಣೆಗಾಗಿ ನ್ಯಾಯಾಲಯವು ತಾನಾಗಿಯೇ ಆಜ್ಞೆಗಳನ್ನು ಹೊರಡಿಸಿತು. ಇಂಥ ಮೊಕದ್ದಮೆಗಳಲ್ಲಿ ನ್ಯಾಯಾಲಯಕ್ಕೆ ನೆರವಾಗುವ ವಕೀಲನಿಗೆ ‘ಅಮಿಕಸ್ ಕ್ಯೂರಿ’ ಎಂದು ಹೆಸರು. ಲ್ಯಾಟಿನ್‌ನಲ್ಲಿ ಅದರ ಅರ್ಥ ನ್ಯಾಯಾಲಯದ ಮಿತ್ರ. ಮಗುವಿನ ಮಿತ್ರನಿದ್ದ ಸ್ಥಾನಕ್ಕೆ ನ್ಯಾಯಾಲಯದ ಮಿತ್ರನು ಬಂದಿದ್ದಾನೆ. ಅವನ ಶ್ರದ್ಧೆಯನ್ನು ನಾನು ಶಂಕಿಸುತ್ತಿಲ್ಲ. ಆದರೆ ಅವನು ಯಾರಿಗೆ ಉತ್ತರ ಹೇಳಬೇಕೆಂಬುದು ಹೆಸರಿನಲ್ಲಿಯೇ ಇದೆ.

ಕಡತಗಳ ವಿಷಯವಾಗಿ ಒಂದು ಮಾತು ಉಳಿಯಿತು. 2016ರ ಜನವರಿ 15ರಿಂದ ಜಾರಿಯಲ್ಲಿರುವ 2015ರ ಬಾಲನ್ಯಾಯ ಕಾಯಿದೆಯ 24ನೆಯ ಪ್ರಕರಣದಂತೆ, ಅಪರಾಧ ಮಾಡಿದನೆಂದು ಸಿದ್ಧವಾದ ಮಗುವಿನ ದಾಖಲೆಗಳನ್ನು, ಕೆಲವು ಘೋರ ಅಪರಾಧಗಳ ಹೊರತು, ಅಪೀಲಿನ ಅವಧಿ ಕಳೆದ ಮೇಲೆ ನಾಶಮಾಡಬೇಕು. ಬಾಲ್ಯದ ತಪ್ಪು ಜೀವನವಿಡೀ ಬೆನ್ನಟ್ಟಬಾರದೆಂಬ ಕಾರುಣ್ಯದಿಂದ ಬಂದ ನಿಯಮವಿದು, ಅದನ್ನು ಆಕ್ಷೇಪಿಸುವುದು ಕಷ್ಟ. ಆದರೆ ಅದೇ ಮಗು ಸರ್ಕಾರದ ವಶದಲ್ಲಿದ್ದಾಗ ಅದಕ್ಕೆ ಏನಾಯಿತೆಂಬುದಕ್ಕೆ ಎಷ್ಟೋ ವೇಳೆ ಅದೇ ಕಾಗದಗಳು ಸಾಕ್ಷಿ. ಮಗುವಿನ ತಪ್ಪನ್ನು ಹೇಳುವ ಹಾಳೆಯನ್ನು ಸುಟ್ಟು, ಮಗುವಿಗಾದ ಅನ್ಯಾಯವನ್ನು ಹೇಳುವ ಹಾಳೆಯನ್ನು ಅದಕ್ಕೆ 18 ತುಂಬಿ ಕೇಳುವವರೆಗೆ ಕಾದಿರಿಸುವ ಏರ್ಪಾಡು ಹೇಗಿರಬೇಕೆಂಬುದನ್ನು ನ್ಯಾಯಶಾಸ್ತ್ರದವರೂ ಪತ್ರಾಗಾರದವರೂ ಒಟ್ಟಿಗೆ ಕುಳಿತು ಯೋಚಿಸಬೇಕಾಗಿದೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ವಿಷಯವನ್ನು ಕೈಗೆತ್ತಿಕೊಂಡರೆ, ಕರ್ನಾಟಕದ ಬಾಲಗೃಹಗಳ ಹಳೆಯ ಹಾಜರಿ ಪುಸ್ತಕಗಳಿಂದ ಆರಂಭಿಸಬಹುದು.